ಮನೆಯ ವ್ಯಾಜ್ಯವೂ ಸರಕಾರದ ಖರ್ಚಿನ ರಾಜಿಯೂ

(ಸಭೆಯ ವಾರದ ಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)



"ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆಯನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರು ವಿರಳ. ಅಣ್ಣತಮ್ಮಂದಿರು ಒಂದು ತುಂಡು ಹೊಲಕ್ಕಾಗಿ ಕೋರ್ಟಿನ ಮೆಟ್ಟಲನ್ನು ಹತ್ತುತ್ತಾರೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ವಕೀಲರ ಫೀಜು, ಬಸ್ಸಿನ ಖರ್ಚು, ತಪ್ಪಿದ ದಿನಗೂಲಿ, ಸಾಕ್ಷಿಗಳ ಊಟೋಪಚಾರ, ಇವೆಲ್ಲಾ ಸೇರಿ, ಯಾವ ಹೊಲಕ್ಕಾಗಿ ವ್ಯಾಜ್ಯವು ಹುಟ್ಟಿತೋ ಆ ಹೊಲವನ್ನೇ ಸಾಹುಕಾರನ ಕೈಗೆ ಒಪ್ಪಿಸಿಬಿಡುವದುಂಟು. ತೀರ್ಪು ಬಂದಾಗ ಹೊಲವೂ ಇರುವದಿಲ್ಲ, ಅಣ್ಣತಮ್ಮಂದಿರೆಂಬ ಮಾತೂ ಉಳಿದಿರುವದಿಲ್ಲ.

ಇದನ್ನು ಕಂಡು ಹೆದರಿದ ಬೇರೆ ಕೆಲವರಿದ್ದಾರೆ. ಇವರು ಅನ್ಯಾಯವಾದರೂ ಬಾಯಿ ತೆರೆಯುವದಿಲ್ಲ. ಗಂಡನು ಬಿಟ್ಟುಹೋದ ಹೆಂಗಸು ತವರುಮನೆಯ ಜಗಲಿಯಲ್ಲಿ ಕೂತು ವರುಷಗಳನ್ನು ಕಳೆಯುತ್ತಾಳೆ. ಮಕ್ಕಳು ಅನ್ನ ಹಾಕದೆ ಬಿಟ್ಟ ಮುದುಕಿಯು ನೆರೆಯವರ ಗಂಜಿಯಿಂದ ಜೀವ ಹಿಡಿಯುತ್ತಾಳೆ. ಯಾಕೆ ಸುಮ್ಮನಿದ್ದೀರಿ ಎಂದು ಕೇಳಿದರೆ, "ಕೋರ್ಟಿಗೆ ಹೋಗಲು ನಮ್ಮಲ್ಲಿ ದುಡ್ಡು ಎಲ್ಲಿದೆ?" ಎಂಬದೇ ಉತ್ತರ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಸ್ಥಾನಕ್ಕೆ ಹೋಗುವದನ್ನು ಕುರಿತು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದದ್ದನ್ನು ನೆನಸಿ, ನ್ಯಾಯ ಕೇಳುವದೇ ಪಾಪವೆಂದು ಅಂಜುವವರೂ ನಮ್ಮಲ್ಲಿದ್ದಾರೆ. ಆದರೆ ತಮ್ಮೊಳಗಿನ ಬುದ್ಧಿವಂತರ ಮುಂದೆ ಕಲಹವನ್ನು ತೀರಿಸಿಕೊಳ್ಳಬೇಕೆಂಬದೇ ಅಲ್ಲಿಯ ಅಭಿಪ್ರಾಯವು. ಬಲಹೀನರು ಅನ್ಯಾಯದ ಕೆಳಗೆ ಬಿದ್ದಿರಬೇಕೆಂದು ಬಲಿಷ್ಠರು ಆ ಮಾತನ್ನು ಉಪಯೋಗಿಸಕೂಡದು.

ಹೀಗೆ ಕೋರ್ಟಿಗೆ ಹೋಗಿ ಹಾಳಾಗುವದು ಒಂದು ದಾರಿ, ಸುಮ್ಮನಿದ್ದು ಸೊರಗುವದು ಇನ್ನೊಂದು ದಾರಿ ಎಂದು ನಮ್ಮ ಜನರು ತಿಳಿದಿದ್ದಾರೆ. ಮೂರನೆಯ ದಾರಿಯೊಂದು ಉಂಟು. ತಿಳಿದವರ ಮುಂದೆ ಉಭಯರೂ ಕೂತು ಮಾತಾಡಿ ರಾಜಿಯಾಗುವ ದಾರಿಯದು. ಅದರ ಖರ್ಚನ್ನು ಸರಕಾರವೇ ತನ್ನ ಬೊಕ್ಕಸದಿಂದ ಕೊಡುತ್ತದೆ. ಇದು ಭಿಕ್ಷೆಯಲ್ಲ, ಕಾನೂನು ಕೊಟ್ಟಿರುವ ಹಕ್ಕು. ಇದನ್ನು ನಮ್ಮ ಸಭೆಯವರು ತಿಳಿದುಕೊಳ್ಳಬೇಕೆಂಬದೇ ಈ ಪಾಠದ ಉದ್ದೇಶವು.

1. ಒಂದು ಕುಟುಂಬದ ದೃಷ್ಟಾಂತ

ವಿಷಯವು ಸುಲಭವಾಗಿ ಮನಸ್ಸಿಗೆ ಹತ್ತುವದಕ್ಕಾಗಿ ನಾವು ಒಂದು ಕ್ರೈಸ್ತ ಕುಟುಂಬವನ್ನು ಭಾವಿಸಿಕೊಳ್ಳೋಣ. ತಂದೆಯು ಮರಣಶಾಸನವನ್ನು ಬರೆಯದೆ ತೀರಿಹೋದನು. ಅವನ ಸ್ವಂತ ಭೂಮಿ 4 ಎಕರೆ 20 ಗುಂಟೆ. ಮುದಿ ತಾಯಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಬೇರೆ ಊರಿನಲ್ಲಿರುವ ಒಬ್ಬ ಮಗಳು ಉಳಿದಿದ್ದಾರೆ. ಹಿರಿಯನು ಎಲ್ಲಾ ಭೂಮಿಯನ್ನು ತಾನೇ ಉಳುತ್ತಿದ್ದಾನೆ. ತಂಗಿಯು ತನ್ನ ಪಾಲನ್ನು ಕೇಳಿದರೆ, "ನಿನ್ನ ಮದುವೆಗೆ ಒಡವೆ ವಸ್ತ್ರ ಕೊಟ್ಟಾಯಿತು, ಇನ್ನೇನು?" ಅನ್ನುತ್ತಾನೆ. ಕಿರಿಯನು ಕುಡಿತಕ್ಕೆ ಬಿದ್ದಿದ್ದಾನೆ. ಅವನ ಹೆಂಡತಿ ಐದು ವರುಷದ ಮಗುವನ್ನು ಕರಕೊಂಡು ತವರುಮನೆಗೆ ಹೋಗಿದ್ದಾಳೆ. ತಾಯಿಯನ್ನು ಯಾರು ನೋಡಿಕೊಳ್ಳಬೇಕೆಂಬ ಜಗಳದಲ್ಲಿ ತಾಯಿಗೆ ಒಂದು ಹೊತ್ತಿನ ಊಟವೇ ನೆಟ್ಟಗೆ ಸಿಕ್ಕುವದಿಲ್ಲ.

ಒಂದೇ ಮನೆಯಲ್ಲಿ ಮೂರು ವ್ಯಾಜ್ಯಗಳಾದವು: ಭೂಮಿಯದು, ಗಂಡಹೆಂಡಿರದು, ತಾಯಿಯದು. ಮೂರಕ್ಕೂ ಮೂರು ದಾವೆ ಹೂಡಿದರೆ ಆ ಮನೆಯಲ್ಲಿ ಮಡಿಕೆಯೂ ಉಳಿಯಲಾರದು. ಮೂರನ್ನೂ ದಾವೆಯಿಲ್ಲದೆ ತೀರಿಸುವದಕ್ಕೆ ಸರಕಾರವು ಏನು ಏರ್ಪಾಡು ಮಾಡಿದೆ ಎಂಬದನ್ನು ನೋಡೋಣ.

2. ಈ ಸಹಾಯವು ಹೇಗೆ ಹುಟ್ಟಿತು?

ಬಡತನದ ನಿಮಿತ್ತ ಯಾರಿಗೂ ನ್ಯಾಯವು ತಪ್ಪಬಾರದು, ಅದಕ್ಕಾಗಿ ಸರಕಾರವು ಧರ್ಮಾರ್ಥವಾಗಿ ಕಾನೂನಿನ ನೆರವನ್ನು ಒದಗಿಸಬೇಕು ಎಂಬ ಮಾತನ್ನು 1976ರ ತಿದ್ದುಪಡಿಯಿಂದ ನಮ್ಮ ದೇಶದ ಸಂವಿಧಾನದಲ್ಲಿ 39ಎ ಎಂಬ ಅನುಚ್ಛೇದವಾಗಿ ಸೇರಿಸಲಾಯಿತು. 1982ರಲ್ಲಿ ಗುಜರಾತಿನ ಜುನಾಗಢದ ಸೀಮೆಯಲ್ಲಿ ಲೋಕ ಅದಾಲತ್ ಎಂಬ ರಾಜಿಯ ನ್ಯಾಯಸಭೆಯು ಕೂಡಿತು. ಬಳಿಕ 1987ರಲ್ಲಿ ಪಾರ್ಲಿಮೆಂಟು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವನ್ನು ಮಾಡಿತು. ಅದು 1995ನೆಯ ನವಂಬರ್ 9ರಂದು ಜಾರಿಗೆ ಬಂತು.

ಈ ಕಾನೂನಿನ ಪ್ರಕಾರ ದಿಲ್ಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರವೂ, ರಾಜ್ಯಕ್ಕೊಂದು ರಾಜ್ಯ ಪ್ರಾಧಿಕಾರವೂ, ಜಿಲ್ಲೆಗೊಂದು ಜಿಲ್ಲಾ ಪ್ರಾಧಿಕಾರವೂ, ಅದರ ಕೆಳಗೆ ತಾಲೂಕು ಕಾನೂನು ಸೇವೆಗಳ ಸಮಿತಿಯೂ ಇರುತ್ತವೆ. ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರೂ, ತಾಲೂಕಿನಲ್ಲಿ ಅಲ್ಲಿಯ ಹಿರಿಯ ನ್ಯಾಯಾಧೀಶರೂ ಅಧ್ಯಕ್ಷರಾಗಿರುತ್ತಾರೆ. ಸಮಿತಿಯ ಕಚೇರಿಯು ಸಾಮಾನ್ಯವಾಗಿ ತಾಲೂಕಿನ ಕೋರ್ಟಿನ ಆವರಣದಲ್ಲಿಯೇ ಇರುವದು. ಆದಕಾರಣ ನಮ್ಮ ಹಳ್ಳಿಯವರು ಬೆಂಗಳೂರಿಗಾಗಲಿ ದಿಲ್ಲಿಗಾಗಲಿ ಹೋಗಬೇಕಾಗಿಲ್ಲ. ಸಂತೆಗೆ ಹೋಗುವ ಊರಿಗೆ ಹೋದರೆ ಸಾಕು.

ಹಣವು ಎಲ್ಲಿಂದ? ಈ ಕಾನೂನೇ ರಾಷ್ಟ್ರಕ್ಕೂ ರಾಜ್ಯಕ್ಕೂ ಜಿಲ್ಲೆಗೂ ಒಂದೊಂದು ಕಾನೂನು ನೆರವಿನ ನಿಧಿಯನ್ನು ಸ್ಥಾಪಿಸಿದೆ. ಕೇಂದ್ರ ಸರಕಾರವೂ ರಾಜ್ಯ ಸರಕಾರವೂ ಅದಕ್ಕೆ ಹಣವನ್ನು ಕೊಡುತ್ತವೆ. ವಕೀಲರಿಗೆ ಸಲ್ಲತಕ್ಕ ಫೀಜು, ಅರ್ಜಿ ಬರೆಯುವ ಖರ್ಚು, ಕೋರ್ಟಿನ ಶುಲ್ಕ, ನಕಲುಗಳ ಖರ್ಚು, ಲೋಕ ಅದಾಲತಿನ ಖರ್ಚು, ಇವೆಲ್ಲಾ ಈ ನಿಧಿಯಿಂದ ಹೊರಡುತ್ತವೆ. ನಾವು ಬೆಂಕಿಪೆಟ್ಟಿಗೆಗೆ ಕೊಡುವ ತೆರಿಗೆಯೇ ಸುತ್ತಿ ಬಂದು ನಮ್ಮ ಮನೆಯ ಸಮಾಧಾನಕ್ಕೆ ಒದಗುತ್ತದೆಂದು ಹೇಳಬಹುದು.

ಸರಕಾರಕ್ಕೆ ಇದರಿಂದ ಏನು ಲಾಭವೆಂದು ಕೆಲವರು ಕೇಳಾರು. ಕೋರ್ಟುಗಳಲ್ಲಿ ಮೊಕದ್ದಮೆಗಳ ರಾಶಿಯು ಕಡಿಮೆಯಾಗುವದು ಒಂದು ಲಾಭ. ರಾಜಿಯಾದ ಕುಟುಂಬವು ಮತ್ತೆ ಮತ್ತೆ ಅಪೀಲು ಮಾಡದಿರುವದು ಎರಡನೆಯದು. ಬೇರೆ ದೇಶಗಳೂ ಇದನ್ನು ಕಂಡುಕೊಂಡಿವೆ. ಆಸ್ಟ್ರೇಲಿಯದ ಸರಕಾರವು 2006ರಿಂದ ಬಿಟ್ಟಗಲುವ ದಂಪತಿಗಳಿಗಾಗಿ ತನ್ನ ಖರ್ಚಿನಿಂದ ಕುಟುಂಬ ಕೇಂದ್ರಗಳನ್ನು ತೆರೆಯಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2021ರ ಮಾರ್ಚಿಯಲ್ಲಿ, ಮಕ್ಕಳ ವಿಷಯದಲ್ಲಿ ಜಗಳವಿದ್ದು ಮಧ್ಯಸ್ಥರ ಬಳಿಗೆ ಹೋಗುವ ಕುಟುಂಬಕ್ಕೆ 500 ಪೌಂಡಿನ ತನಕ ಕೊಡುವ ಏರ್ಪಾಡು ಆರಂಭವಾಯಿತು. ಅಲ್ಲಿ ಆ ಮೊತ್ತವನ್ನು ಮೀರಿದ ಖರ್ಚನ್ನು ಕುಟುಂಬವೇ ಕೊಡಬೇಕು. ನಮ್ಮಲ್ಲಿಯಾದರೋ ಲೋಕ ಅದಾಲತಿನಲ್ಲಿ ರಾಜಿಮಾಡಿಕೊಳ್ಳುವದಕ್ಕೆ ಶುಲ್ಕವೇ ಇಲ್ಲ.

3. ಯಾರಿಗೆ ಸಲ್ಲುತ್ತದೆ?

ಲೋಕ ಅದಾಲತಿನ ಮುಂದೆ ಬಡವ ಬಲ್ಲಿದರೆಂಬ ಭೇದವಿಲ್ಲದೆ ಯಾರೂ ಬರಬಹುದು. ಧರ್ಮಾರ್ಥವಾಗಿ ವಕೀಲರನ್ನು ಪಡೆಯುವ ಹಕ್ಕು ಮಾತ್ರ ಕಾನೂನು ಹೇಳಿದವರಿಗೆ ಸಲ್ಲುವದು. ಅವರಲ್ಲಿ ನಮ್ಮ ಸಭೆಯವರಿಗೆ ಸಂಬಂಧಪಟ್ಟವರು ಇವರೇ:

ಮೊದಲನೆಯದಾಗಿ, ಎಲ್ಲಾ ಹೆಂಗಸರು ಮತ್ತು ಮಕ್ಕಳು. ಇವರ ವರಮಾನವನ್ನು ಯಾರೂ ಕೇಳತಕ್ಕದ್ದಲ್ಲ. ಗಂಡನಿಗೆ ಹತ್ತೆಕರೆ ತೋಟವಿದ್ದರೂ ಹೆಂಡತಿಗೆ ಈ ಹಕ್ಕು ತಪ್ಪುವದಿಲ್ಲ.

ಎರಡನೆಯದಾಗಿ, ಅಂಗವಿಕಲರು.

ಮೂರನೆಯದಾಗಿ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು. ಇಲ್ಲಿ ನಮ್ಮವರು ಒಂದು ಸೂಕ್ಷ್ಮವನ್ನು ತಿಳಿದಿರಬೇಕು. 1950ರ ರಾಷ್ಟ್ರಪತಿಗಳ ಆಜ್ಞೆಯು ಹಿಂದೂ ಮತದವರನ್ನು ಮಾತ್ರ ಪರಿಶಿಷ್ಟ ಜಾತಿಯವರೆಂದು ಎಣಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಲಾಯಿತು. ಕ್ರೈಸ್ತರು ಅದರಲ್ಲಿ ಸೇರಿಲ್ಲ. ಆದದರಿಂದ ಆ ಜಾತಿಗಳಿಂದ ಬಂದ ಕ್ರೈಸ್ತ ಗಂಡಸು ಈ ಹೆಸರಿನಲ್ಲಿ ಸಹಾಯವನ್ನು ಕೇಳಲಾರನು. ಪರಿಶಿಷ್ಟ ಪಂಗಡದವರಿಗೆ ಮತವು ಇಂಥ ಅಡ್ಡಿಯಾಗುವದಿಲ್ಲ.

ನಾಲ್ಕನೆಯದಾಗಿ, ವರುಷದ ವರಮಾನವು ಸರಕಾರವು ಗೊತ್ತುಮಾಡಿದ ಮಿತಿಗಿಂತ ಕಡಿಮೆಯಿರುವ ಯಾರೇ ಆಗಲಿ. ಮೇಲೆ ಹೇಳಿದ ಕ್ರೈಸ್ತ ಸಹೋದರನು ಈ ಬಾಗಲಿನಿಂದ ಒಳಗೆ ಬರಬಹುದು. ಮಿತಿಯು ಆಗಾಗ್ಗೆ ಬದಲಾಗುವದರಿಂದ ಈಗಿನ ಮೊತ್ತವನ್ನು ತಾಲೂಕು ಸಮಿತಿಯಲ್ಲಿ ಕೇಳಿ ತಿಳಿಯತಕ್ಕದ್ದು. ವರಮಾನವನ್ನು ತಿಳಿಸಿ ಪ್ರಮಾಣಪತ್ರವನ್ನು ಬರಕೊಟ್ಟರೆ, ಸಂಶಯಪಡಲು ಕಾರಣವಿಲ್ಲದಿದ್ದಲ್ಲಿ, ಅದನ್ನೇ ಸಾಕೆಂದು ಎಣಿಸಬಹುದೆಂದು ಕಾನೂನು ಹೇಳುತ್ತದೆ. "ಜಾತಿಯ ಸರ್ಟಿಫಿಕೇಟು ಇಲ್ಲ, ಆದದರಿಂದ ನಮಗೆ ಏನೂ ಸಿಕ್ಕದು" ಎಂದು ಎಷ್ಟೋ ಮಂದಿ ಬಾಗಲಿನಿಂದಲೇ ಹಿಂದಿರುಗುತ್ತಾರೆ. ಅವರು ಹಿಂದಿರುಗಬೇಕಾಗಿಲ್ಲ.

4. ರಾಜಿಯ ನಾಲ್ಕು ಸ್ಥಾನಗಳು

(ಅ) ಲೋಕ ಅದಾಲತ್. ಇಲ್ಲಿ ಕೆಲಸದಲ್ಲಿರುವ ಅಥವಾ ನಿವೃತ್ತರಾದ ನ್ಯಾಯಾಧಿಕಾರಿಗಳೂ ಅವರ ಸಂಗಡ ಇತರ ತಿಳಿದವರೂ ಕೂತುಕೊಳ್ಳುತ್ತಾರೆ. ಕೋರ್ಟಿನಲ್ಲಿ ಆಗಲೇ ನಡೆಯುತ್ತಿರುವ ದಾವೆಯನ್ನೂ, ಇನ್ನೂ ಕೋರ್ಟನ್ನು ಮುಟ್ಟದ ವ್ಯಾಜ್ಯವನ್ನೂ ಇಲ್ಲಿಗೆ ತರಬಹುದು. ಉಭಯರೂ ಒಪ್ಪಿದರೆ ಮಾತ್ರ ರಾಜಿಯಾಗುವದು. ಒಪ್ಪದಿದ್ದರೆ ಅದಾಲತಿಗೆ ತೀರ್ಪು ಹೇರುವ ಅಧಿಕಾರವಿಲ್ಲ. ಒಪ್ಪಿ ಬರೆದ ಮೇಲೆ ಆ ಪತ್ರಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿರುವದು. ಅದರ ಮೇಲೆ ಅಪೀಲು ಇಲ್ಲ. ನಡೆಯುತ್ತಿದ್ದ ದಾವೆಯು ಇಲ್ಲಿ ರಾಜಿಯಾದರೆ ಮುಂಚೆ ಕಟ್ಟಿದ್ದ ಕೋರ್ಟಿನ ಶುಲ್ಕವು ಕಾನೂನಿನ ಪ್ರಕಾರ ಹಿಂದಿರುಗುವದು. ರಾಷ್ಟ್ರೀಯ ಲೋಕ ಅದಾಲತ್ ಎಂಬದು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ದೇಶದಲ್ಲೆಲ್ಲಾ ಕೂಡುತ್ತದೆ.

(ಆ) ಮಧ್ಯಸ್ಥಿಕೆ ಕೇಂದ್ರ. ಲೋಕ ಅದಾಲತಿನಲ್ಲಿ ಜನಸಂದಣಿಯಿರುವದು. ಗಂಡಹೆಂಡಿರ ಮಾತು ಸಂದಣಿಯಲ್ಲಿ ಆಡತಕ್ಕದ್ದಲ್ಲ. ಮಧ್ಯಸ್ಥಿಕೆಯಲ್ಲಿ ತರಬೇತಿ ಹೊಂದಿದ ಒಬ್ಬ ಮಧ್ಯಸ್ಥರು ಏಕಾಂತದ ಕೋಣೆಯಲ್ಲಿ ಉಭಯರನ್ನೂ ಕೂಡಿಸಿ, ಬೇಕಾದರೆ ಪ್ರತ್ಯೇಕವಾಗಿಯೂ ಕೇಳಿ, ಗಂಟನ್ನು ಬಿಡಿಸಲು ಸಹಾಯಮಾಡುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುವದು. ಮುಂದೆ ಕೋರ್ಟಿನಲ್ಲಿ ಅದನ್ನು ಸಾಕ್ಷಿಯಾಗಿ ಎತ್ತುವ ಹಾಗಿಲ್ಲ. ಸಿವಿಲ್ ಕಾನೂನಿನ 89ನೆಯ ಪ್ರಕರಣವು 2002ರಿಂದ ಜಾರಿಗೆ ಬಂದು ಇದಕ್ಕೆ ದಾರಿ ತೆರೆಯಿತು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರವು 2007ರಲ್ಲಿ ಕೆಲಸವನ್ನಾರಂಭಿಸಿತು. 2013ರಲ್ಲಿ ಸುಪ್ರೀಂ ಕೋರ್ಟು, ಮದುವೆಯ ಮೊಕದ್ದಮೆಗಳನ್ನು ಆರಂಭದಲ್ಲಿಯೇ ಮಧ್ಯಸ್ಥಿಕೆಗೆ ಕಳುಹಿಸಬೇಕೆಂದೂ, ದಾವೆ ಹೂಡುವದಕ್ಕೆ ಮುಂಚೆಯೇ ಬರುವವರಿಗಾಗಿ ಕೇಂದ್ರಗಳು ಏರ್ಪಾಡು ಮಾಡಬೇಕೆಂದೂ ಅಪ್ಪಣೆಕೊಟ್ಟಿತು.

(ಇ) ಕೌಟುಂಬಿಕ ನ್ಯಾಯಾಲಯ. ಇದು ಕೋರ್ಟೇ ಹೌದು. ಆದರೂ 1984ರ ಕಾನೂನಿನ ಪ್ರಕಾರ ಇದರ ಮೊದಲನೆಯ ಕೆಲಸವು ರಾಜಿಗೆ ಪ್ರಯತ್ನಿಸುವದು. ಇದಕ್ಕಾಗಿ ಸಲಹೆಗಾರರನ್ನು ನೇಮಿಸುವ ಅಧಿಕಾರವು ಸರಕಾರಕ್ಕೆ ಉಂಟು. ಕೌಟುಂಬಿಕ ನ್ಯಾಯಾಲಯವಿಲ್ಲದ ಊರಿನಲ್ಲಿಯೂ ಕುಟುಂಬದ ದಾವೆಗಳಲ್ಲಿ ಮೊದಲು ರಾಜಿಗೆ ಪ್ರಯತ್ನಿಸುವದು ಸಿವಿಲ್ ನ್ಯಾಯಾಧೀಶರ ಕರ್ತವ್ಯವೆಂದು 1976ರ ತಿದ್ದುಪಡಿಯು ಹೇಳುತ್ತದೆ.

(ಈ) ತಂದೆತಾಯಿಗಳ ಪೋಷಣೆಯ ಮಂಡಲಿ. 2007ರಲ್ಲಿ ಆದ ಕಾನೂನಿನ ಪ್ರಕಾರ ಮಕ್ಕಳು ನೋಡಿಕೊಳ್ಳದ ತಂದೆತಾಯಿಗಳು ಉಪವಿಭಾಗದ ಅಧಿಕಾರಿಯಾದ ಅಸಿಸ್ಟೆಂಟ್ ಕಮಿಷನರ ಮುಂದೆ ಅರ್ಜಿ ಕೊಡಬಹುದು. ಕೈಯಲ್ಲಾಗದವರು ತಮ್ಮ ಪರವಾಗಿ ಬೇರೊಬ್ಬರನ್ನು ಕಳುಹಿಸಬಹುದು. ವಿಚಾರಣೆಗೆ ಮುಂಚೆ ಮಂಡಲಿಯು ಅರ್ಜಿಯನ್ನು ಒಬ್ಬ ಸಂಧಾನಾಧಿಕಾರಿಗೆ ಕಳುಹಿಸಬಹುದು. ಅವರು ಒಂದು ತಿಂಗಳಲ್ಲಿ ವರದಿ ಕೊಡಬೇಕು. ರಾಜಿಯಾದರೆ ಅದೇ ಆಜ್ಞೆಯಾಗುವದು. ಆಗದಿದ್ದರೆ ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶವನ್ನು ಗೊತ್ತುಮಾಡುವ ಅಧಿಕಾರವು ಮಂಡಲಿಗೆ ಇರುವದು.

5. ನಮ್ಮ ದೃಷ್ಟಾಂತದ ಕುಟುಂಬವು ಏನು ಮಾಡತಕ್ಕದ್ದು?

ರಾಜಿಗೆ ಕೂತುಕೊಳ್ಳುವದಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಹಕ್ಕು ಎಷ್ಟೆಂದು ತಿಳಿದಿರಬೇಕು. ತನ್ನ ಹಕ್ಕನ್ನು ಅರಿತು ಸ್ವಲ್ಪ ಬಿಟ್ಟುಕೊಡುವದು ಔದಾರ್ಯ. ಅರಿಯದೆ ಬಿಟ್ಟುಕೊಡುವದು ಮೋಸಹೋಗುವದೇ.

ಮರಣಶಾಸನವಿಲ್ಲದೆ ತೀರಿಹೋದ ಕ್ರೈಸ್ತನ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರದ ಕಾನೂನು ಅನ್ವಯಿಸುತ್ತದೆ. ಅದರಂತೆ ವಿಧವೆಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಹಂಚತಕ್ಕದ್ದು. ನಮ್ಮ ಕುಟುಂಬದ 4 ಎಕರೆ 20 ಗುಂಟೆಯೆಂದರೆ 180 ಗುಂಟೆ. ತಾಯಿಗೆ 60 ಗುಂಟೆ, ಅಂದರೆ ಒಂದೂವರೆ ಎಕರೆ. ಉಳಿದ 120 ಗುಂಟೆಯಲ್ಲಿ ಮೂವರು ಮಕ್ಕಳಿಗೆ ತಲೆಗೆ 40 ಗುಂಟೆ, ಅಂದರೆ ಒಂದೊಂದು ಎಕರೆ. ಮಗಳ ಮದುವೆಯಲ್ಲಿ ತಂದೆಯು ಕೊಟ್ಟ ಒಡವೆಯನ್ನು ಈ ಪಾಲಿನಲ್ಲಿ ಕಳೆಯುವ ಹಾಗಿಲ್ಲವೆಂದು ಅದೇ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಅಣ್ಣನ ಮಾತು ಇಲ್ಲಿ ನಿಲ್ಲುವದಿಲ್ಲ.

ಈಗ ಮಗಳು ತಾಲೂಕು ಸಮಿತಿಗೆ ಹೋಗಿ, ತನ್ನ ಹೆಸರು, ಎದುರಿನವರ ಹೆಸರು ಮತ್ತು ಊರು, ವ್ಯಾಜ್ಯದ ಸಾರಾಂಶ, ಇವನ್ನು ಬರೆದ ಅರ್ಜಿಯನ್ನು ಕೊಡಲಿ. ಪಹಣಿಯ ನಕಲು, ತಂದೆಯ ಮರಣದ ಸರ್ಟಿಫಿಕೇಟು, ಇದ್ದ ಕಾಗದಗಳನ್ನೆಲ್ಲಾ ಸಂಗಡ ತಕ್ಕೊಂಡು ಹೋಗಲಿ. ಬರೆಯಲು ಬಾರದವರಿಗೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಹಳ್ಳಿಗಳಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರೆಂಬ ತರಬೇತಾದ ಜನರನ್ನೂ ಪ್ರಾಧಿಕಾರವು ನೇಮಿಸುತ್ತದೆ. ಅವರಿದ್ದಲ್ಲಿ ಅವರ ಸಹಾಯವನ್ನೂ ಕೇಳಬಹುದು. ಹೋಗಲಾರದವರು 15100 ಎಂಬ ಸಂಖ್ಯೆಗೆ ಟೆಲಿಫೋನು ಮಾಡಿ ವಿಚಾರಿಸಬಹುದು. ಬಳಿಕ ಸಮಿತಿಯು ಅಣ್ಣನಿಗೆ ತಿಳುವಳಿಕೆ ಕಳುಹಿಸಿ ದಿನವನ್ನು ಗೊತ್ತುಮಾಡುವದು.

ಆ ದಿನ ಏನಾಗಬಹುದು? ಒಂದೊಂದು ಎಕರೆಯಾಗಿ ಹೊಲವನ್ನು ಕತ್ತರಿಸಿದರೆ ಯಾರ ಸಾಗುವಳಿಯೂ ನೆಟ್ಟಗಾಗದು ಎಂದು ಅಣ್ಣನು ಹೇಳಬಹುದು. ಆ ಮಾತಿನಲ್ಲಿ ಸತ್ಯವೂ ಇರಬಹುದು. ಆಗ, ತಂಗಿಯ ಒಂದು ಎಕರೆಯ ಬೆಲೆಯನ್ನು ಅಣ್ಣನು ಎರಡು ಮೂರು ಸುಗ್ಗಿಗಳಲ್ಲಿ ಕೊಡತಕ್ಕದ್ದು. ಅಷ್ಟರ ತನಕ ಭೂಮಿಯ ಮೇಲೆ ಅವಳ ಹಕ್ಕು ಹೋಗದು. ತಾಯಿಯ ಒಂದೂವರೆ ಎಕರೆಯನ್ನು ಉಳುವವನು ವರುಷಕ್ಕೆ ಇಷ್ಟು ಚೀಲ ಭತ್ತ ಅಳೆಯತಕ್ಕದ್ದು ಎಂದು ಒಪ್ಪಂದವಾಗಬಹುದು. ಕೋರ್ಟಿನ ಡಿಕ್ರಿಯು ಗಡಿಯನ್ನು ಹಾಕೀತು. ಭತ್ತದ ಚೀಲವನ್ನೂ ಸುಗ್ಗಿಯ ಕಾಲವನ್ನೂ ನೋಡಿ ಮಾತಾಡುವದು ರಾಜಿಯಲ್ಲಿಯೇ ಸಾಧ್ಯ. ಇದೇ ರಾಜಿಯ ಹೆಚ್ಚಳವು.

ಕಿರಿಯನ ಹೆಂಡತಿಯು ಅದೇ ಸಮಿತಿಯ ಮೂಲಕ ಮಧ್ಯಸ್ಥಿಕೆಯನ್ನು ಕೇಳಲಿ. ಅವನು ಕುಡಿತವನ್ನು ಬಿಡಲು ಚಿಕಿತ್ಸೆಗೆ ಹೋಗುವನೋ? ಹೋದರೆ ಅವಳು ಎಷ್ಟು ದಿನ ಕಾದು ನೋಡುವಳು? ಅಷ್ಟರ ತನಕ ಮಗುವಿನ ಶಾಲೆಗೂ ಬಟ್ಟೆಗೂ ಯಾರು ಕೊಡುವರು? ತಂದೆಯು ಮಗುವನ್ನು ಯಾವ ದಿನ ನೋಡುವನು? ಅವಳ ಒಡವೆ ಯಾರಲ್ಲಿದೆ? ಇಂಥ ಸಣ್ಣ ಪ್ರಶ್ನೆಗಳನ್ನು ಒಂದೊಂದಾಗಿ ತೀರಿಸಿಕೊಂಡು ಹೋದರೆ ದೊಡ್ಡ ಪ್ರಶ್ನೆಯೂ ಹಗುರವಾಗುವದು. ಕೂಡಿ ಬಾಳುವದಕ್ಕೇ ಒಪ್ಪಬೇಕೆಂಬ ಕಟ್ಟಳೆಯಿಲ್ಲ. ಬೇರೆಯಿದ್ದು ಜೀವನಾಂಶ ಕೊಡುವ ಒಪ್ಪಂದವೂ ರಾಜಿಯೇ.

ತಾಯಿಗೆ ಭೂಮಿಯ ಪಾಲಿನಿಂದ ಹೊಟ್ಟೆ ತುಂಬದಿದ್ದರೆ ಅಸಿಸ್ಟೆಂಟ್ ಕಮಿಷನರ ಮಂಡಲಿಯು ಅವಳಿಗೆ ತೆರೆದೇ ಇದೆ. ಹೀಗೆ ಮೂರು ವ್ಯಾಜ್ಯಗಳಿಗೂ ಒಂದು ಕುಂಟೆ ಭೂಮಿಯನ್ನೂ ಅಡವಿಡದೆ ದಾರಿಯಾಯಿತು. ರಾಜಿಯು ಮುರಿದುಬಿದ್ದರೂ ಹೆಂಗಸರ ಪರವಾಗಿ ಕೋರ್ಟಿನಲ್ಲಿ ನಿಲ್ಲಲು ಸಮಿತಿಯು ಧರ್ಮಾರ್ಥವಾಗಿ ವಕೀಲರನ್ನು ಕೊಡುವದು. ಹಿಂದೆ ಈ ಬೆಂಬಲವಿದೆಯೆಂದು ತಿಳಿದಾಗಲೇ ಬಲಹೀನರು ಧೈರ್ಯದಿಂದ ರಾಜಿಗೆ ಕೂತುಕೊಳ್ಳುವರು.

6. ಎಚ್ಚರಿಕೆಗಳು

ಒಂದು. ರಾಜಿಗೆ ತಕ್ಕದ್ದಲ್ಲದ ಸಂಗತಿಗಳೂ ಉಂಟು. ಹೊಡೆತ ಬಡಿತ, ಜೀವಕ್ಕೆ ಬೆದರಿಕೆ, ಮಕ್ಕಳ ಮೇಲೆ ದುಷ್ಕೃತ್ಯ, ಇವನ್ನು "ಮನೆಯ ಮಾತು" ಎಂದು ಮುಚ್ಚಿ ರಾಜಿಮಾಡಿಸುವದು ಪಾಪಕ್ಕೆ ಪಾಲುಗಾರರಾಗುವದು. ಕಾನೂನು ರಾಜಿಗೆ ಬಿಡದ ಅಪರಾಧಗಳನ್ನು ಲೋಕ ಅದಾಲತ್ ಮುಟ್ಟುವ ಹಾಗಿಲ್ಲ. ಇಂಥ ಹೆಂಗಸಿಗೆ 2005ರ ಕೌಟುಂಬಿಕ ಹಿಂಸೆಯ ಕಾನೂನಿನ ಪ್ರಕಾರ ರಕ್ಷಣಾಧಿಕಾರಿಯ ಸಹಾಯವೂ, 2015ರಿಂದ ಕೇಂದ್ರ ಸರಕಾರದ ಖರ್ಚಿನಿಂದ ನಡೆಯುವ ಸಖಿ ಕೇಂದ್ರಗಳ ಆಶ್ರಯವೂ ಉಂಟು. 181 ಮತ್ತು 112 ಎಂಬ ಸಂಖ್ಯೆಗಳು ಪ್ರತಿ ಮನೆಯಲ್ಲಿಯೂ ಗೊತ್ತಿರಲಿ. ಎದುರಿನವನ ಭಯದಿಂದ ಬಾಯಿ ತೆರೆಯಲಾರದವಳನ್ನು ಅವನ ಎದುರಿಗೇ ಕೂಡಿಸಿ ಮಾತಾಡಿಸುವದು ನ್ಯಾಯವಲ್ಲ.

ಎರಡು. ಲೋಕ ಅದಾಲತಿನ ಪತ್ರಕ್ಕೆ ಅಪೀಲು ಇಲ್ಲವೆಂದು ಹೇಳಿದೆವಷ್ಟೆ. ಆದಕಾರಣ ಅದನ್ನು ನಮಗೆ ತಿಳಿಯುವ ಭಾಷೆಯಲ್ಲಿ ಓದಿಸಿ, ಅರ್ಥವಾಗದ ಮಾತನ್ನು ಎರಡು ಸಾರಿ ಕೇಳಿ, ಬಳಿಕವೇ ರುಜು ಅಥವಾ ಹೆಬ್ಬೆಟ್ಟನ್ನು ಹಾಕತಕ್ಕದ್ದು. ಬರೀ ಕಾಗದಕ್ಕೆ ಎಂದಿಗೂ ಹಾಕತಕ್ಕದ್ದಲ್ಲ. ನಕಲನ್ನು ಕೇಳಿ ಪಡೆದು ಜೋಪಾನಮಾಡತಕ್ಕದ್ದು.

ಮೂರು. ಲೋಕ ಅದಾಲತ್ ವಿವಾಹವಿಚ್ಛೇದನೆಯನ್ನು ಕೊಡಲಾರದು. ಕ್ರೈಸ್ತ ದಂಪತಿಗಳ ವಿಚ್ಛೇದನೆಯು 1869ರ ಕಾನೂನಿನ ಪ್ರಕಾರ ಕೋರ್ಟಿನಿಂದಲೇ ಆಗಬೇಕು. ಇಬ್ಬರೂ ಒಪ್ಪಿ ಕೇಳುವ ದಾರಿಯನ್ನು ಅದಕ್ಕೆ 2001ರಲ್ಲಿ ಸೇರಿಸಲಾಯಿತು. ಸಭೆಯ ಅಧಿಕಾರಿಗಳು ಕೊಟ್ಟ ವಿಚ್ಛೇದನೆಗೆ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಮಾನಿಸಿತು. ಹಿರಿಯರ ಮುಂದೆ ಬರೆದ ಚೀಟಿಯನ್ನು ನಂಬಿ ಇನ್ನೊಂದು ಮದುವೆಯಾದವರು ದೊಡ್ಡ ತೊಂದರೆಗೆ ಬೀಳುವರು.

ನಾಲ್ಕು. ಮನೆಯಲ್ಲಿ ಛಾಪಾ ಕಾಗದದ ಮೇಲೆ ಬರೆದುಕೊಂಡು ಭೂಮಿಯ ಹಕ್ಕನ್ನು ಬಿಟ್ಟುಕೊಡುವ ಪತ್ರವು ನೋಂದಣಿಯಾಗದಿದ್ದರೆ ನಿಲ್ಲದು. ಕೆಲವು ರೂಪಾಯಿಗಳನ್ನು ಉಳಿಸಲು ಹೋಗಿ ಹೊಲವನ್ನೇ ಕಳಕೊಳ್ಳಬಾರದು.

ಐದು. "ಸರಕಾರದ ರಾಜಿಗೆ ನಾನು ಮಾಡಿಸಿಕೊಡುತ್ತೇನೆ, ಇಷ್ಟು ಕೊಡು" ಎನ್ನುವ ದಲ್ಲಾಳಿಗಳು ಕೋರ್ಟಿನ ಬಾಗಲಲ್ಲಿ ಸಿಕ್ಕಬಹುದು. ಅವರಿಗೆ ಒಂದು ಕಾಸನ್ನೂ ಕೊಡಬೇಡಿರಿ. ನೆಟ್ಟಗೆ ಸಮಿತಿಯ ಕಚೇರಿಗೇ ಹೋಗಿರಿ.

7. ಸಭೆಯ ಹಿರಿಯರಿಗೆ ಎರಡು ಮಾತು

ಹಿರಿಯರೇ, ಮನೆಯ ಕಲಹವು ಮೊದಲು ನಿಮ್ಮ ಬಳಿಗೆ ಬರುತ್ತದೆ. ನೀವು ಕೂಡಿಸಿ ಬುದ್ಧಿ ಹೇಳಿ ತೀರಿಸಿದ ಕಲಹಗಳು ಎಷ್ಟೋ ಉಂಟು. ಅದಕ್ಕಾಗಿ ಸಭೆಯು ನಿಮಗೆ ಋಣಿಯಾಗಿದೆ. ಆದರೂ ನಿಮ್ಮ ತೀರ್ಮಾನವನ್ನು ಯಾರಾದರೂ ಮೀರಿದರೆ ಅದನ್ನು ನಡಿಸುವ ಅಧಿಕಾರವು ನಿಮಗಿಲ್ಲ. ಸಾಧ್ಯವಿದ್ದಲ್ಲಿ ನಿಮ್ಮ ಮುಂದೆ ಆದ ಒಪ್ಪಂದವನ್ನು ಲೋಕ ಅದಾಲತಿನ ಮುಂದೆಯೂ ಇಡಿಸಿರಿ. ಆಗ ಅದಕ್ಕೆ ಡಿಕ್ರಿಯ ಬಲ ಬರುವದು. ನೀವು ಒಂದು ಪಕ್ಷದ ನೆಂಟರಾಗಿದ್ದರೆ ನಡುವೆ ಕೂತುಕೊಳ್ಳದೆ ಸಮಿತಿಗೆ ಕಳುಹಿಸಿಬಿಡಿರಿ. ಒಂಟಿ ಹೆಂಗಸು ತಾಲೂಕಿನ ಕಚೇರಿಗೆ ಹೋಗಲು ಅಂಜುವಾಗ ಅವಳ ಸಂಗಡ ಒಬ್ಬ ಸಹೋದರಿಯನ್ನು ಜೊತೆಮಾಡಿ ಬಸ್ಸಿನ ಖರ್ಚನ್ನು ಕೊಡಿರಿ. ಸರಕಾರವು ವಕೀಲರ ಫೀಜನ್ನು ಕೊಡುವದು; ಅವಳ ಕೈಹಿಡಿದು ಆ ಬಾಗಲ ತನಕ ಕರಕೊಂಡು ಹೋಗುವವರು ಬೇಕು. ಆ ಕೆಲಸವು ನಮ್ಮದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ತಾಲೂಕಿನ ಕಾನೂನು ಸೇವೆಗಳ ಸಮಿತಿಯ ಕಚೇರಿಯು ಎಲ್ಲಿದೆ? ಮುಂದಿನ ಲೋಕ ಅದಾಲತ್ ಎಂದು ಕೂಡುವದು? ಇದನ್ನು ಒಬ್ಬರು ಹೋಗಿ ತಿಳಿದು ಬಂದು ಸಭೆಗೆ ಹೇಳಲಿ.

2. ವರಮಾನವನ್ನು ಕೇಳದೆ ಧರ್ಮಾರ್ಥವಾಗಿ ವಕೀಲರ ಸಹಾಯವು ಯಾರಿಗೆ ಸಿಕ್ಕುವದು? ಬಡ ಕ್ರೈಸ್ತ ಗಂಡಸು ಯಾವ ಆಧಾರದಿಂದ ಅದನ್ನು ಕೇಳಬಹುದು?

3. ದೃಷ್ಟಾಂತದ ಕುಟುಂಬದಲ್ಲಿ ಮೂವರು ಗಂಡುಮಕ್ಕಳೂ ಒಬ್ಬ ಮಗಳೂ ಇದ್ದಿದ್ದರೆ ತಾಯಿಗೆ ಎಷ್ಟು ಗುಂಟೆ, ಮಗಳಿಗೆ ಎಷ್ಟು ಗುಂಟೆ?

4. ಲೋಕ ಅದಾಲತಿಗೂ ಮಧ್ಯಸ್ಥಿಕೆ ಕೇಂದ್ರಕ್ಕೂ ಇರುವ ವ್ಯತ್ಯಾಸವೇನು? ಗಂಡಹೆಂಡಿರ ಮಾತಿಗೆ ಯಾವದು ಹೆಚ್ಚು ತಕ್ಕದ್ದು? ಯಾಕೆ?

5. ಯಾವ ಸಂಗತಿಗಳನ್ನು ರಾಜಿಮಾಡಿಸಬಾರದು? ಅಂಥ ಸಮಯದಲ್ಲಿ ಹಿರಿಯರ ಕರ್ತವ್ಯವೇನು?

6. ನಮ್ಮ ಸಭೆಯಲ್ಲಿ ದುಡ್ಡಿಲ್ಲವೆಂದು ನ್ಯಾಯವನ್ನು ಕೇಳದೆ ಸುಮ್ಮನಿರುವವರು ಯಾರಾದರೂ ಇದ್ದಾರೋ? ಹೆಸರನ್ನು ಕೂಟದಲ್ಲಿ ಎತ್ತಬೇಡಿರಿ. ಕೂಟವು ಮುಗಿದ ಮೇಲೆ ಅವರ ಮನೆಗೆ ಹೋಗಿರಿ.